ತೆಗೆದಿಟ್ಟ ಹನ್ನೊಂದು ಗರಿ

ಮಠದ ಗ್ರಂಥವನ್ನು ಅಚ್ಚು ಹಾಕಿಸುವುದೆಂದು ತೀರ್ಮಾನವಾದ ದಿನ ನನಗೆ ಆದ ಸಂತೋಷವನ್ನು ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆಗ ನಾನು ದೋರನಹಳ್ಳಿಯ ಶಾಲೆಯಲ್ಲಿ ಮಾಸ್ತರ. ನಿಜಾಮರ ಆಡಳಿತ ಹೋಗಿ ನಾಲ್ಕೈದು ವರ್ಷವಾಗಿತ್ತು. ಉರ್ದುವಿನಲ್ಲಿ ಓದಿದ ನಾವೇ ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳುತ್ತಿದ್ದೆವು. ಕನ್ನಡ ನಾಡು ಇವತ್ತು ಒಂದಾಗುತ್ತದೆ, ನಾಳೆ ಒಂದಾಗುತ್ತದೆ ಎಂದು ಚಹಾದಂಗಡಿಯಿಂದ ಹಿಡಿದು ಕಚೇರಿಯ ತನಕ ಎಲ್ಲ ಕಡೆ ಅದೇ ಮಾತು. ಅಜ್ಜ ಕಲಿಸಿದ್ದರಿಂದ ಓಲೆಗರಿಯ ಹಳೆಯ ಅಕ್ಷರ ನನಗೆ ಓದಲು ಬರುತ್ತಿತ್ತು. ಶಹಾಪುರದ ಸುತ್ತಮುತ್ತ ಆ ಅಕ್ಷರ ಓದುವವರು ಬೆರಳೆಣಿಕೆಯಷ್ಟು ಜನ, ಅದಕ್ಕೇ ನನ್ನನ್ನು ಕರೆಸಿದರು.

ಕರೆಸಿದವರು ಮೂವರು. ಒಬ್ಬರು ಮಠದ ಸ್ವಾಮಿಗಳು. ಎಲ್ಲರೂ ಅವರನ್ನು ಅಪ್ಪಾರು ಎನ್ನುತ್ತಿದ್ದರು. ಎರಡನೆಯವರು ಸುರಪುರದ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದವರು. ಮೂರನೆಯವರು ಶಹಾಪುರದ ಅರಳೆ ವ್ಯಾಪಾರದ ಸಾಹುಕಾರರು. ಧಾರವಾಡದ ಕಡೆಯ ಪಂಡಿತರು ನಮ್ಮನ್ನು ಉರ್ದು ಮಂದಿ ಎಂದು ನೋಡುತ್ತಾರೆ, ನಾಳೆ ನಾಡು ಒಂದಾದಾಗ ನಮ್ಮ ಕೈಯಲ್ಲೂ ಒಂದು ಗ್ರಂಥ ಇರಬೇಕು, ಅದನ್ನು ನೋಡಿ ಅವರು ಬಾಯಿ ಮುಚ್ಚಬೇಕು ಎಂಬುದು ವಕೀಲರ ಹಟ. ಹಟ ನನಗೂ ಹಿಡಿಸಿತು.

ಗ್ರಂಥವೆಂದರೆ ಒಬ್ಬರು ಬರೆದದ್ದಲ್ಲ. ಮಠದ ಮೂಲ ಗುರುವಿನ ಸುತ್ತ ಇದ್ದ ಒಕ್ಕಲಿಗರು, ನೇಕಾರರು, ಗಾಣದವರು, ಬಳೆಗಾರರು ಹಾಡಿದ ಪದಗಳನ್ನು ಯಾರೋ ಪುಣ್ಯಾತ್ಮ ಒಂದೇ ಕಟ್ಟಿನಲ್ಲಿ ಬರೆದಿಟ್ಟಿದ್ದ. ಶ್ರಾವಣದ ತಿಂಗಳು ಪೂರ್ತಿ ಅದನ್ನು ಮಠದಲ್ಲಿ ಓದುತ್ತಾರೆ. ಯಾವ ದಿನ ಯಾರ ಹಿರಿಯರ ಪದ ಬರುತ್ತದೋ ಆ ದಿನ ಆ ಮನೆತನದವರು ಗದ್ದುಗೆಯ ಮುಂದೆ ದೀಪ ಹಿಡಿದು ನಿಲ್ಲಬೇಕು. ಅದಕ್ಕೆ ದೀಪದ ಪಾಳಿ ಎಂದು ಹೆಸರು. ಮದುವೆಯ ಮಾತುಕತೆಯಲ್ಲಿ ಕೂಡ, ನಮ್ಮದು ಇಂಥ ದಿನದ ಪಾಳಿ ಎಂದು ಜನ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು.

ಕೆಲಸ ಶುರುವಾದದ್ದು ಬೇಸಿಗೆಯ ರಜೆಯಲ್ಲಿ. ಮಠದ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದೆ. ಗರಿಯ ಮೇಲೆ ಕೊರೆದ ಅಕ್ಷರ ಹಾಗೆಯೇ ಕಾಣುವುದಿಲ್ಲ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಗರಿಗೆ ಸವರಿ, ಮೆತ್ತನೆಯ ಅರಿವೆಯಿಂದ ಒರೆಸಿದರೆ ಮೇಲಿನ ಕಪ್ಪು ಹೋಗಿ ಗೀರಿನೊಳಗಿನ ಕಪ್ಪು ಉಳಿಯುತ್ತದೆ. ಆಮೇಲೆ ಓದಬೇಕು. ದಿನಕ್ಕೆ ನಾಲ್ಕು ಗರಿ ಮುಗಿದರೆ ಹೆಚ್ಚು. ಒಂದು ಮಗ್ಗುಲು ಓದಿ, ಕಾಗದಕ್ಕೆ ಇಳಿಸಿ, ಮತ್ತೆ ಗರಿಗೆ ಹಚ್ಚಿ ತಾಳೆ ನೋಡಿ, ಆಮೇಲೆ ಮಗ್ಗುಲು ಬದಲಿಸುತ್ತಿದ್ದೆ. ಎಡಗಡೆಯ ಅಂಚಿನಲ್ಲಿ ಪ್ರತಿ ಗರಿಗೂ ಅಂಕಿ ಇತ್ತು.

ನಲವತ್ತೊಂದನೆಯ ಗರಿ ಮುಗಿಸಿ ಮುಂದಿನದನ್ನು ತಿರುವಿದರೆ ಅಂಚಿನಲ್ಲಿ ಐವತ್ಮೂರು ಎಂದಿತ್ತು. ಕಟ್ಟು ಬಿಚ್ಚಿ ಪೂರ್ತಿ ಎಣಿಸಿದೆ. ನಡುವಿನ ಹನ್ನೊಂದು ಗರಿ ಇರಲೇ ಇಲ್ಲ. ಅಷ್ಟೇ ಅಲ್ಲ, ನಲವತ್ತೊಂದನೆಯ ಗರಿಯ ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು. ವಕೀಲರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. ಬರೆದವನು ಅಂಕಿ ತಪ್ಪಿಸಿದ್ದಾನೆ, ಅರ್ಧ ಸಾಲು ಅವನ ಕೈತಪ್ಪು, ಅಚ್ಚಾದ ಪುಸ್ತಕದಲ್ಲಿ ಹೀಗೆ ನೆಗೆತ ಇದ್ದರೆ ಧಾರವಾಡದವರು ನಗುತ್ತಾರೆ, ಅರ್ಧ ಸಾಲು ಬಿಟ್ಟು ಒಂದೇ ಸಮನೆ ಅಂಕಿ ಹಾಕಿಕೊಂಡು ಹೋಗಿ ಅಂದರು.

ನಾನು ಹಾಗೆಯೇ ಮಾಡಿದೆ. ಯಾರೂ ಹೆದರಿಸಲಿಲ್ಲ, ಯಾರೂ ಆಸೆ ತೋರಿಸಲಿಲ್ಲ. ಪ್ರತಿ ಅಚ್ಚುಕಟ್ಟಾಗಿ ಕಾಣಲಿ ಎಂಬ ಮಾಸ್ತರಿಕೆಯ ಚಟ ನನ್ನದು. ಐವತ್ಮೂರು ಇದ್ದಲ್ಲಿ ದುಂಡಗೆ ನಲವತ್ತೆರಡು ಎಂದು ಬರೆದು ಮುಂದೆ ಸಾಗಿದೆ.

ಮುಂಗಾರಿನ ಮೊದಲ ಹನಿ ಬೀಳುವ ಹೊತ್ತಿಗೆ ಒಬ್ಬ ಮುದುಕಿ ಮಠಕ್ಕೆ ಬಂದಳು. ವಡಗೇರಾದ ಆಚೆ, ಭೀಮೆಯ ದಂಡೆಯ ಊರಿನವಳು. ಮೀನು ಹಿಡಿಯುವ, ಹರಿಗೋಲು ನಡೆಸುವ ಮನೆತನ. ಶ್ರಾವಣದ ಹನ್ನೊಂದನೆಯ ದಿನದ ದೀಪದ ಪಾಳಿ ಅವರದು. ಆದರೆ ಆ ದಿನ ಗ್ರಂಥದಲ್ಲಿ ಅವರ ಹಿರಿಯರ ಪದ ಯಾವುದೂ ಬರುತ್ತಿರಲಿಲ್ಲ. ಓದು ಮುಗಿದ ಮೇಲೆ ಅವರೇ ಬಾಯಿಪಾಠದ ಎರಡು ಪದ ಹಾಡಿ ದೀಪ ಇಳಿಸುತ್ತಿದ್ದರು. ಯಾಕೆ ಹೀಗೆ ಎಂದು ಯಾರೂ ಕೇಳಿರಲಿಲ್ಲ. ಈಗ ಕೇಳಿದವರು ಸಾಹುಕಾರರು. ಪುಸ್ತಕದಲ್ಲಿ ಯಾರ ಪದ ಇದೆಯೋ ಅವರಿಗೆ ಮಾತ್ರ ಪಾಳಿ, ಹನ್ನೊಂದನೆಯ ದಿನ ನಮ್ಮ ಮನೆಯಿಂದ ನಡೆಯಲಿ ಎಂದು ಅವರು ಸಂತೆಯಲ್ಲಿ ಆಡಿದ್ದು ಮುದುಕಿಯ ಕಿವಿಗೆ ಬಿದ್ದಿತ್ತು.

ಅವಳು ಕಟ್ಟೆಯ ಕೆಳಗೆ ಕೂತು, ನಮ್ಮ ಮನೆತನದ ಹಿರಿಯಳು ಮುತ್ತವ್ವನ ಪದಗಳನ್ನೂ ಪುಸ್ತಕಕ್ಕೆ ಸೇರಿಸಬೇಕು ಎಂದು ಕೈಮುಗಿದಳು. ವಕೀಲರು ನಯವಾಗಿಯೇ ಮಾತಾಡಿದರು. ಗರಿಯ ಮೇಲೆ ಇದ್ದದ್ದು ಗ್ರಂಥ, ಬಾಯಲ್ಲಿ ಇದ್ದದ್ದು ಬರೀ ಹಾಡು, ಹಾಡಿಗೆಲ್ಲ ಜಾಗ ಕೊಡುತ್ತಾ ಹೋದರೆ ಬೀಸುವ ಕಲ್ಲಿನ ಪದವೂ ಗ್ರಂಥವಾಗಬೇಕಾಗುತ್ತದೆ ಅಂದರು. ಹಾಗೆನ್ನುತ್ತಾ ನನ್ನ ಪ್ರತಿಯನ್ನು ಅವಳ ಮುಂದೆ ಹಿಡಿದು ಹಾಳೆ ತಿರುವಿದರು.

"ನೋಡಬೇ, ನಲವತ್ತು, ನಲವತ್ತೊಂದು, ನಲವತ್ತೆರಡು. ನಡುವ ಒಂದರ ಖಾಲಿ ಅದ ಏನು? ನಿಮ್ಮದು ಇದ್ದಿದ್ರ ಇದರಾಗ ಇರತಿತ್ತು."

ಅಕ್ಷರ ಬಾರದ ಆ ಮುದುಕಿ ನನ್ನ ದುಂಡನೆಯ ಅಂಕಿಗಳನ್ನು ನೋಡಿ, ಆಮೇಲೆ ನನ್ನ ಮುಖ ನೋಡಿದಳು. ನಾನು ಕಾಡಿಗೆಯ ಬಟ್ಟಲಿನಲ್ಲಿ ಎಣ್ಣೆ ಕಲಸುತ್ತಾ ಕೂತೆ. ನನ್ನ ಬದುಕಿನಲ್ಲಿ ನಾನು ಮಾಡಿದ ಹೇಡಿತನಗಳು ಕಡಿಮೆಯೇನಲ್ಲ, ಆದರೆ ಆ ಬಟ್ಟಲು ಕಲಸಿದ್ದರಷ್ಟು ನಾಚಿಕೆಗೇಡಿನದು ಮತ್ತೊಂದಿಲ್ಲ. ಏಳುವಾಗ ಅವಳು ಒಂದೇ ಮಾತು ಹೇಳಿದಳು: "ಓಲಿ ನಮ್ಮ ಮನ್ಯಾಗೂ ಅದಾವ್ರಿ, ದೇವರ ಜಗಲಿ ಮ್ಯಾಲ. ನೋಡವ್ರು ಯಾರರ ಬರ್ರಿ." ಸಾಹುಕಾರರು ನಕ್ಕರು.

ಮೂರನೆಯ ದಿನ ನಾನು ಸೈಕಲ್ ಹತ್ತಿದೆ. ಹೋಗುವ ಮುಂಚೆ ಮಠದ ಕಟ್ಟಿನ ಒಂದು ಗರಿಗೆ ದಾರ ಹಿಡಿದು, ಕಟ್ಟು ಪೋಣಿಸುವ ಎರಡು ತೂತುಗಳ ನಡುವಿನ ಅಂತರಕ್ಕೆ ಎರಡು ಗಂಟು ಹಾಕಿ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ವಡಗೇರಾ ದಾಟಿದ ಮೇಲೆ ದಾರಿಯೆಂಬುದು ಇರಲಿಲ್ಲ. ಕರಿ ಮಣ್ಣು ಗಾಲಿಗೆ ಮೆತ್ತಿಕೊಂಡು ಅರ್ಧ ದಾರಿ ಸೈಕಲ್ಲನ್ನು ನಾನೇ ಹೊತ್ತೆ.

ಜಗಲಿಯ ಮೇಲೆ ಕೆಂಪು ಅರಿವೆಯಲ್ಲಿ ಸುತ್ತಿದ ಕಟ್ಟನ್ನು ಮುದುಕಿ ತೆಗೆದು ನನ್ನ ಮುಂದೆ ಇಟ್ಟಳು. ಬಿಚ್ಚಿದರೆ ಅದು ಗರಿಯ ಕಟ್ಟಿನಂತೆ ಕಾಣಲೇ ಇಲ್ಲ, ಒಂದು ಕಂದು ಇಟ್ಟಿಗೆಯಂತೆ ಇತ್ತು. ಪ್ರತಿ ಅಮಾವಾಸ್ಯೆಗೆ ತುಪ್ಪ ಹಚ್ಚಿ, ಭಂಡಾರದ ಅರಿಸಿನ, ವಿಭೂತಿ ಎರಚಿ ಪೂಜೆ ಮಾಡಿ ಮಾಡಿ ಗರಿಗಳೆಲ್ಲ ಒಂದಕ್ಕೊಂದು ಅಂಟಿ ಹೋಗಿದ್ದವು. ಯಾರೂ ಬಿಚ್ಚಿ ಓದಿರಲಿಲ್ಲ, ಓದುವವರೂ ಇರಲಿಲ್ಲ. ಭಕ್ತಿಯಿಂದಲೇ ಅದನ್ನು ಹಾಳು ಮಾಡಿಕೊಂಡಿದ್ದರು. ಇದು ಅವರೊಬ್ಬರದೇ ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ಕಡೆ ಓಲೆ ಇದ್ದ ಮನೆಯಲ್ಲೆಲ್ಲ ಇದೇ ಗತಿ.

ಬಿಡಿಸಲು ಎರಡು ಭಾನುವಾರ ಹಿಡಿಯಿತು. ಕುದಿಯುವ ನೀರಿನ ಗಡಿಗೆಯ ಬಾಯಿಗೆ ಅರಿವೆ ಕಟ್ಟಿ, ಅದರ ಮೇಲೆ ಕಟ್ಟನ್ನು ಸ್ವಲ್ಪ ಹೊತ್ತು ಇಟ್ಟು, ತುಪ್ಪದ ಜಿಡ್ಡು ಮೆತ್ತಗಾದ ಕೂಡಲೇ ತೆಳ್ಳಗೆ ಕೆತ್ತಿದ ಬಿದಿರಿನ ಚೂರನ್ನು ಗರಿಗಳ ನಡುವೆ ತೂರಿಸಬೇಕು. ಹಬೆ ಹೆಚ್ಚಾದರೆ ಗರಿ ಸುರುಳಿ ಸುತ್ತಿಕೊಳ್ಳುತ್ತದೆ, ಕಡಿಮೆಯಾದರೆ ಸಿಗಿಯುತ್ತದೆ. ಎರಡನೆಯ ಗರಿಯ ತುದಿ ನನ್ನ ಕೈಯಲ್ಲೇ ಮುರಿಯಿತು. ಮುದುಕಿ ಆ ಚೂರನ್ನು ಎತ್ತಿ ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು.

ಮೊದಲ ಗರಿಗೆ ಕಾಡಿಗೆ ಸವರಿ ಒರೆಸಿದಾಗ ಎಡ ಅಂಚಿನಲ್ಲಿ ನಲವತ್ತೆರಡು ಎಂಬ ಅಂಕಿ ಎದ್ದು ಬಂತು. ಜೇಬಿನ ದಾರ ತೆಗೆದು ಹಿಡಿದೆ. ಎರಡು ಗಂಟೂ ಎರಡು ತೂತಿನ ಮೇಲೆ ಸರಿಯಾಗಿ ಕೂತವು. ಕೈ ಅದೇ, ಅಕ್ಷರದ ಓಟ ಅದೇ. ಮಠದ ಗರಿಯಲ್ಲಿ ಅರ್ಧಕ್ಕೆ ನಿಂತಿದ್ದ ಸಾಲಿನ ಉಳಿದರ್ಧ ಇಲ್ಲಿ ಮೊದಲಿಗೇ ಇತ್ತು. ನಾನು ಕೈತಪ್ಪು ಎಂದು ಹೊಡೆದು ಹಾಕಿದ ಸಾಲು ಅದು.

ಗರಿಗೊಂದರಂತೆ ಹನ್ನೊಂದು ಪದ, ಎಲ್ಲವೂ ಮುತ್ತವ್ವನ ಹೆಸರಿನಲ್ಲಿ ಮುಗಿಯುತ್ತಿದ್ದವು. ಒಂದರಲ್ಲಿ ಅವಳು ದೇವರನ್ನೇ ಹರಿಗೋಲಿಗೆ ಹತ್ತಿಸಿಕೊಂಡು ನಡುನೀರಿನಲ್ಲಿ ನಿಲ್ಲಿಸಿ ಜಗಳ ತೆಗೆಯುತ್ತಾಳೆ. ಮತ್ತೊಂದರಲ್ಲಿ ದೀಪ ಹಚ್ಚುವ ಮುಂಚೆ ಮೀನಿನ ವಾಸನೆಯ ಕೈ ತೊಳೆಯಲು ಹೊರಡುತ್ತಾಳೆ, ತೊಳೆಯಬೇಡ, ಆ ಕೈಯಿಂದಲೇ ಹಚ್ಚು ಎಂದು ಗುರು ಅನ್ನುತ್ತಾನೆ. ಮಠದ ಕಟ್ಟಿನಲ್ಲಿ ಅಷ್ಟು ಜೀವಂತವಾದ ಪದ ನಾನು ಇನ್ನೊಂದು ಓದಿರಲಿಲ್ಲ. ಹನ್ನೊಂದನ್ನೂ ನನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಮುದುಕಿಗೆ ಗೊತ್ತಿದ್ದದ್ದು ಎರಡೇ ಪದ. ಉಳಿದ ಒಂಬತ್ತು ಅವಳ ಮನೆಯಲ್ಲೇ ಇದ್ದೂ ಅವಳ ಕಿವಿಗೆ ಬಿದ್ದಿರಲಿಲ್ಲ.

ಇಲ್ಲಿಗೆ ನಿಲ್ಲಿಸಿ ಪ್ರತಿಯನ್ನಷ್ಟೇ ತೆಗೆದುಕೊಂಡು ಹೋಗಬೇಕಿತ್ತು. ಆದರೆ ನನಗೆ ಸಾಬೀತು ಮಾಡುವ ಹುಮ್ಮಸ್ಸು ಬಂದಿತ್ತು. ಗರಿಗಳನ್ನೇ ಮಠಕ್ಕೆ ತಂದು ಕಟ್ಟಿನ ನಡುವೆ ಇಟ್ಟು ತೋರಿಸಿದರೆ ಯಾರೂ ಉಸಿರೆತ್ತುವಂತಿಲ್ಲ ಎಂದು ಅವಳಿಗೆ ಹೇಳಿದೆ. ಓಲೆ ಬಂದಾಗಿನಿಂದ ಹೊಸ್ತಿಲು ದಾಟಿಲ್ಲ ಎಂದು ಅವಳು ಹಿಂದೆ ಮುಂದೆ ನೋಡಿದಳು. ಅವಳ ಮಗನೂ ಬೇಡವೆಂದ. ನಾನು ಕಟ್ಟಿನ ಮೇಲೆ ಕೈಯಿಟ್ಟು, ತಿರುಗಿ ತಂದು ಇದೇ ಜಗಲಿಯ ಮೇಲೆ ಇಡುವ ಜವಾಬ್ದಾರಿ ನನ್ನದು ಎಂದೆ. ಅವಳು ಒಪ್ಪಿ, ಕಟ್ಟನ್ನು ಕೆಂಪು ಅರಿವೆಯಲ್ಲಿ ಸುತ್ತಿಕೊಂಡು ತಾನೂ ಗಾಡಿ ಹತ್ತಿದಳು.

ಮಠದಲ್ಲಿ ಮೂವರೂ ಕೂತಿದ್ದರು. ಮೊದಲು ನಾನು ನನ್ನ ತಪ್ಪನ್ನೇ ಹೇಳಿದೆ: ಒಂದೇ ಸಮನೆ ಅಂಕಿ ಹಾಕಿದ್ದು ನಾನು, ಅರ್ಧ ಸಾಲು ಬಿಟ್ಟದ್ದು ನಾನು, ಈ ಅಮ್ಮನ ಮುಂದೆ ಹಿಡಿದ ಸಾಕ್ಷಿ ಸುಳ್ಳು. ಆಮೇಲೆ ಮಠದ ಕಟ್ಟನ್ನು ಬಿಚ್ಚಿ, ನಲವತ್ತೊಂದರ ಕೆಳಗೆ ಅವಳ ಹನ್ನೊಂದು ಗರಿ ಇಟ್ಟು, ಅವುಗಳ ಕೆಳಗೆ ಐವತ್ಮೂರನ್ನು ಇಟ್ಟು ದಾರ ಪೋಣಿಸಿದೆ. ದಾರ ಎಲ್ಲೂ ತಡೆಯದೆ ಮೇಲಿಂದ ಕೆಳಗೆ ಇಳಿಯಿತು. ಮೊದಲ ಪದವನ್ನು ಓದಿದೆ. ಮೀನಿನ ಪದವನ್ನೂ ಓದಿದೆ.

ಸಾಹುಕಾರರು ಮೂಗಿಗೆ ಶಲ್ಯ ಹಿಡಿದರು. ಎದುರಿಗೆ ಮೀನು ಇರಲಿಲ್ಲ, ಮೀನು ಎಂಬ ಮಾತು ಮಾತ್ರ ಇತ್ತು. ಇಂಥದು ಪುಸ್ತಕದಲ್ಲಿ ಬಂದರೆ ಆ ಪುಸ್ತಕವನ್ನು ದೇವರ ಮನೆಯಲ್ಲಿ ಇಡುವುದು ಹೇಗೆ ಎಂದರು. ಒಂದು ದಾರಿಯಿದೆ, ಮುತ್ತವ್ವನ ಹೆಸರು ತೆಗೆದು ಗುರುವಿನ ಹೆಸರು ಹಾಕಿ, ಮೀನು ಬಿಟ್ಟು ಹೂವು ಅಂದರೆ ಎರಡು ಮೂರು ಪದ ಸೇರಿಸಬಹುದು ಎಂದು ವಕೀಲರು ಅಂದರು. ಮುದುಕಿ ತಲೆ ಅಲ್ಲಾಡಿಸಿದಳು. ಅಕಿ ಹೆಸರು ತೆಗೆದ ಮೇಲೆ ಅವು ಅಕಿಯ ಪದ ಹೇಗಾಗುತ್ತವೆ ಎಂದಳು.

ಆಗ ವಕೀಲರು ದನಿ ಮೆತ್ತಗೆ ಮಾಡಿಕೊಂಡು, ಈ ಓಲೆ ನಿಮ್ಮ ಮನೆಗೆ ಬಂದದ್ದು ಹೇಗವ್ವಾ ಎಂದು ಕೇಳಿದರು. ಅವಳು ಬಚ್ಚಿಡುವುದನ್ನು ಕಲಿತವಳಲ್ಲ. ತನ್ನ ಮಾವನ ಅಜ್ಜನ ಕಾಲದಲ್ಲಿ ಮಠದವರು ಹಳೆಯ ಗರಿಗಳನ್ನು ಪೂಜೆ ಮಾಡಿ ಹೊಳೆಗೆ ಬಿಟ್ಟಿದ್ದರು, ಈ ಕಟ್ಟು ಅವನ ಬಲೆಗೆ ಬಿತ್ತು, ಮುತ್ತವ್ವನೇ ಮನೆಗೆ ಬಂದಳೆಂದು ಅವನು ತಲೆಯ ಮೇಲೆ ಹೊತ್ತು ತಂದ ಎಂದು ಖುಷಿಯಿಂದಲೇ ಹೇಳಿದಳು. ವಕೀಲರು ಅಪ್ಪಾರ ಕಡೆ ನೋಡಿದರು. ಅವರಿಗೆ ಬೇಕಾದದ್ದು ಸಿಕ್ಕಿತ್ತು.

ಅಪ್ಪಾರು ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಈಗ ತೆರೆದು ಹೇಳಿದರು: "ಗಂಗಿಗೆ ಬಿಟ್ಟದ್ದು ಮತ್ತ ಗ್ರಂಥ ಆಗಂಗಿಲ್ಲ. ಆದ್ರ ಅಕ್ಷರ ಮಠದ್ದು. ಮಠದಾಗೇ ಇರಲಿ."

ಸವೆದ ಗರಿಗಳನ್ನು ಹೊಳೆಗೆ ಬಿಡುವುದು ನಮ್ಮಲ್ಲಿ ಪದ್ಧತಿ ಹೌದು. ಆದರೆ ಈ ಹನ್ನೊಂದು ಸವೆದಿರಲಿಲ್ಲ. ಇವುಗಳ ಮೇಲಿನ ನಲವತ್ತೊಂದೂ ಕೆಳಗಿನ ಐವತ್ಮೂರೂ ಇನ್ನೂ ಗಟ್ಟಿಯಾಗಿರುವಾಗ ನಡುವಿನವು ಮಾತ್ರ ಸವೆಯುವುದು ಹೇಗೆ? ಯಾರೋ ಆರಿಸಿ ತೆಗೆದಿದ್ದರು. ಅಂದು ತೆಗೆದವರ ಹೆಸರು ಗೊತ್ತಿಲ್ಲ, ಇಂದು ತೆಗೆಯುವವರು ನನ್ನ ಎದುರಿಗೇ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಇದನ್ನೆಲ್ಲ ಹೇಳಿದೆ. ಗ್ರಂಥ ಅಲ್ಲವೆಂದ ಮೇಲೆ ಅದು ಅವರ ಮನೆಯ ಓಲೆ, ಅವರಿಗೆ ಕೊಡಿ ಎಂದೂ ಹೇಳಿದೆ.

"ಮಾಸ್ತರ, ನೀವು ಬರಿಯಾಕ ಬಂದವರು. ಆರಿಸಾಕ ಬಂದವರಲ್ಲ" ಎಂದರು ಅಪ್ಪಾರು. ಮಠದ ಆಳು ಬಂದು ಪೂರ್ತಿ ಕಟ್ಟನ್ನು ಎತ್ತಿಕೊಂಡು ಹೋಗಿ ಪೆಟ್ಟಿಗೆಯಲ್ಲಿಟ್ಟ. ಪೋಣಿಸಿದವನು ನಾನೇ ಆದ್ದರಿಂದ ಅವಳ ಗರಿಗಳನ್ನು ಬೇರೆಯಾಗಿ ಎತ್ತಿಕೊಳ್ಳುವ ಶ್ರಮವೂ ಅವನಿಗೆ ಬೀಳಲಿಲ್ಲ. ಆಸ್ತಿಯಾಗಲು ಯೋಗ್ಯ, ಗ್ರಂಥವಾಗಲು ಅಯೋಗ್ಯ. ಇಂಥ ನ್ಯಾಯವನ್ನು ಕಣ್ಣಾರೆ ಕಂಡ ಆ ದಿನ ನಾನು ಮಠದ ಊಟಕ್ಕೆ ಕೂರದೆ ಹೊರಗೆ ಬಂದು ಬೇವಿನ ಮರದ ಬುಡದಲ್ಲಿ ಉಗುಳಿದೆ. ಮುದುಕಿ ಖಾಲಿ ಕೆಂಪು ಅರಿವೆಯನ್ನು ಮಡಚಿಕೊಂಡು ಗಾಡಿಯಲ್ಲಿ ಕೂತಿದ್ದಳು. ನಾನು ಅವಳ ಹತ್ತಿರ ಹೋಗದೆ ಮರದ ಮರೆಯಿಂದಲೇ ಹೊರಟುಹೋದೆ.

ಪುಸ್ತಕದ ಮೊದಲ ಹಾಳೆಯಲ್ಲಿ, ಇದು ಮೂಲ ಓಲೆಗೆ ಸರಿಯಾಗಿದೆ ಎಂದು ಪ್ರತಿಕಾರನ ದಸ್ತಖತ್ತು ಬೇಕಿತ್ತು. ನಾನು ಮಾಡಲಿಲ್ಲ. ಇದರಿಂದ ಕೆಲಸ ನಿಲ್ಲುತ್ತದೆ ಎಂದುಕೊಂಡಿದ್ದು ನನ್ನ ಹುಚ್ಚು. ಅದೇ ಮಧ್ಯಾಹ್ನ ವಕೀಲರ ಗುಮಾಸ್ತ ಸಹಿ ಹಾಕಿದ. ಅವನಿಗೆ ಓಲೆಯ ಅಕ್ಷರ ಒಂದೂ ಬರುತ್ತಿರಲಿಲ್ಲ. ನನ್ನ ಕೈಬರಹ, ನನ್ನ ಅಂಕಿ, ಅವನ ಸಹಿ ಸೇರಿ ಕಲಬುರ್ಗಿಯ ಛಾಪಖಾನೆಗೆ ಹೋದವು. ಗರಿಗಳನ್ನು ತಿರುಗಿ ಕೊಡಿಸಬೇಕೆಂದು ಕಚೇರಿಗೆ ಅರ್ಜಿ ಬರೆದೆ. ಧರ್ಮದ ವಿಷಯ, ಮಠದವರನ್ನೇ ಕೇಳಿ ಎಂದರು. ಮಠಕ್ಕೆ ಎರಡು ಸಲ ಹೋದೆ. ಒಂದು ಸಲ ಅಪ್ಪಾರು ಪೂಜೆಯಲ್ಲಿದ್ದರು, ಇನ್ನೊಂದು ಸಲ ನಿದ್ದೆಯಲ್ಲಿದ್ದರು.

ಶ್ರಾವಣದ ಹನ್ನೊಂದನೆಯ ದಿನ ಸಾಹುಕಾರರ ಮನೆಯವರು ರೇಷ್ಮೆ ಉಟ್ಟು ದೀಪ ಹಿಡಿಯುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಆ ಬೆಳಿಗ್ಗೆ ನಾನು ಶಾಲೆಗೆ ರಜೆ ಹಾಕಿ ಭೀಮೆಯ ದಂಡೆಗೆ ಹೋದೆ. ನೋಟ್‌ಬುಕ್ಕಿಗೆ ಹೊಸ ರಟ್ಟು ಹಾಕಿಸಿದ್ದೆ. ಮಠದಲ್ಲಿ ಓದದಿದ್ದರೇನು, ಅವರ ಮನೆಯಲ್ಲೇ ಹನ್ನೊಂದೂ ಪದ ಓದುತ್ತೇನೆ, ಒಂಬತ್ತನ್ನು ಅವರು ಮೊದಲ ಸಲ ಕೇಳುತ್ತಾರೆ ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಹೊಗಳಿಕೊಂಡೆ.

ಮನೆ ತುಂಬ ಜನ ಸೇರಿದರು. ಹೆಂಗಸರು ಬಾಗಿಲಲ್ಲಿ ನಿಂತು ಕೇಳಿದರು. ಒಂದೂ ತಪ್ಪಿಸದೆ ಓದಿದೆ, ಅರ್ಧ ಸಾಲನ್ನೂ ಅದರ ಜಾಗದಲ್ಲಿ ಸೇರಿಸಿ ಓದಿದೆ. ಮೀನಿನ ಪದಕ್ಕೆ ಮಗನ ಕಣ್ಣಲ್ಲಿ ನೀರು ಬಂತು. ಮುದುಕಿ ಕೊನೆಯ ತನಕ ಅಲುಗಾಡದೆ ಕೂತು ಕೇಳಿದಳು. ಓದು ಮುಗಿದ ಮೇಲೆ ನಾನು ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದೆ. ಅವಳು ಮುಟ್ಟಲಿಲ್ಲ.

"ಛಲೋ ಓದಿದ್ರಿ ಮಾಸ್ತರ" ಎಂದಳು. "ಆದ್ರ ನಾ ನಿಮ್ಮ ಕೈಯಾಗ ಕೊಟ್ಟದ್ದು ಓಲಿ. ಇದು ಕಾಗದ. ನಮ್ಮವ್ವನ್ನ ಯಾವಾಗ ತರ್ತೀರಿ?"

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇಂಥ ದಿನ ತರುತ್ತೇನೆ ಎಂದು ನಾನು ಹೇಳುವುದನ್ನು ಅವಳು ನಿಜವಾಗಿಯೂ ಕಾಯುತ್ತಿದ್ದಳು.